ಮೆಟ್ರೊ ಸರಿ, ನಿಲ್ದಾಣಕ್ಕೆ ಹೋಗುವ ದಾರಿ?

ಬೆಂಗಳೂರಿನ ಸಂಚಾರದ ಮಾತು ಬಂದಾಗಲೆಲ್ಲ ಮೇಲ್ಸೇತುವೆ, ಸುರಂಗ ರಸ್ತೆಗಳದ್ದೇ ಚರ್ಚೆ. ಮನೆಯಿಂದ ಬಸ್ ನಿಲ್ದಾಣದವರೆಗಿನ ಅರ್ಧ ಕಿಲೋಮೀಟರ್ ಬಗ್ಗೆ ಮಾತನಾಡುವವರು ಕಡಿಮೆ. ಬಸ್ಸೋ ಮೆಟ್ರೊವೋ, ಯಾವುದನ್ನು ಹತ್ತಬೇಕಾದರೂ ಮೊದಲು ನಡೆಯಲೇಬೇಕಲ್ಲವೇ?

2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ–ಎಂ.ಜಿ. ರಸ್ತೆ ನಡುವೆ ಶುರುವಾದ ಮೆಟ್ರೊ, 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೂಲಕ ಬೊಮ್ಮಸಂದ್ರ ತಲುಪಿದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಬಸ್ ಪ್ರಯಾಣ ಉಚಿತ. ಎರಡೂ ಒಳ್ಳೆಯ ಕೆಲಸಗಳೇ. ಆದರೆ ರಾತ್ರಿ ಬಸ್ಸಿಳಿದ ಹುಡುಗಿ ಬೀದಿದೀಪವಿಲ್ಲದ, ಚಪ್ಪಡಿ ಕಿತ್ತುಹೋದ ದಾರಿಯಲ್ಲಿ ಮನೆ ಸೇರಬೇಕಾದರೆ ಆ ಉಚಿತ ಟಿಕೆಟ್ ಅರ್ಧ ದಾರಿಗಷ್ಟೇ ನೆರವಾದಂತೆ.

ನಾನು ಬಿ.ಇ. ವಿದ್ಯಾರ್ಥಿ, ಕಾಲೇಜಿಗೆ ಹೋಗಿ ಬರುವುದು ಬಸ್ಸಿನಲ್ಲೇ. ಕೆಲಸ ಸಿಕ್ಕ ನಮ್ಮ ಸೀನಿಯರ್‌ಗಳಲ್ಲಿ ಹಲವರು ಮೊದಲು ಮಾಡಿದ್ದು ಬೈಕ್ ಸಾಲ. ಶೋಕಿಗಲ್ಲ, ನಿಲ್ದಾಣದಿಂದ ಕಚೇರಿಗೆ ನಡೆಯಲು ದಾರಿಯಿಲ್ಲ ಎಂಬ ಕಾರಣಕ್ಕೆ. ಸಾಲ ಮಾಡಲಾಗದವರು ದೂರದ ಕೆಲಸದ ಆಸೆಯನ್ನೇ ಬಿಡುತ್ತಾರೆ. ಹಾಗಾಗಿ ಫುಟ್‌ಪಾತ್ ಎನ್ನುವುದು ನಮ್ಮಂಥವರಿಗೆ ಉದ್ಯೋಗದ ಪ್ರಶ್ನೆಯೂ ಹೌದು.

ಫುಟ್‌ಪಾತ್ ಹೇಗಿರಬೇಕೆಂದು ಹೊಸದಾಗಿ ಕಂಡುಹಿಡಿಯಬೇಕಿಲ್ಲ. ಅಡೆತಡೆಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಬೇಕು, ಎತ್ತರ 150 ಮಿ.ಮೀ. ಮೀರಬಾರದು ಎನ್ನುತ್ತದೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ. ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ದಾಟಬಹುದಾದ ಅಗಲವದು. ನಗರದ ಕೇಂದ್ರಭಾಗದಲ್ಲಿ ಟೆಂಡರ್‌ಶ್ಯೂರ್ ಯೋಜನೆಯಡಿ ಕೆಲವು ರಸ್ತೆಗಳನ್ನು ಈ ದೃಷ್ಟಿಯಿಂದಲೇ ಕಟ್ಟಲಾಯಿತು. ಪೈಪು, ಕೇಬಲ್‌ಗಳಿಗೆ ಫುಟ್‌ಪಾತ್ ಅಡಿಯಲ್ಲೇ ಜಾಗ ಮಾಡಿದ್ದರಿಂದ ರಸ್ತೆಯನ್ನು ಪದೇಪದೇ ಅಗೆಯುವ ಅಗತ್ಯವಿಲ್ಲ. ಎಂ.ಜಿ. ರಸ್ತೆ ಪಕ್ಕದಲ್ಲಿ ಸಾಧ್ಯವಾಗಿದ್ದು ಕೆ.ಆರ್. ಪುರ, ಪೀಣ್ಯದ ನಿಲ್ದಾಣಗಳ ಸುತ್ತಲೂ ಆಗಬೇಕು.

‘ಜಾಗ ಎಲ್ಲಿದೆ?’ ಎಂದು ಕೇಳುವವರಿದ್ದಾರೆ. ಒಬ್ಬೊಬ್ಬರೇ ಕೂತ ಮೂರು ಕಾರುಗಳು ಹಿಡಿಯುವಷ್ಟು ಜಾಗದಲ್ಲಿ ಐವತ್ತು ಮಂದಿಯ ಬಸ್ಸು ನಿಲ್ಲುತ್ತದೆ. ಫುಟ್‌ಪಾತ್ ಮೇಲೆ ನಿಲ್ಲಿಸಿದ ವಾಹನಗಳನ್ನು ತೆರವು ಮಾಡಿದರೇ ಎಷ್ಟೋ ಜಾಗ ಸಿಗುತ್ತದೆ. ಬೀದಿ ವ್ಯಾಪಾರಿಗಳನ್ನು ಓಡಿಸುವುದು ಪರಿಹಾರವಲ್ಲ. ಅವರಿಗೆ ವ್ಯಾಪಾರ ವಲಯ ಗುರುತಿಸಬೇಕೆಂದು 2014ರ ಕಾನೂನೇ ಹೇಳುತ್ತದೆ. ಇನ್ನು ಸೈಕಲ್. ಮೈಸೂರಿನಲ್ಲಿ 2017ರಲ್ಲೇ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ಸೇವೆ ಶುರುವಾಗಿತ್ತು. ಇಲ್ಲಿಯೂ ಪ್ರತಿ ಮೆಟ್ರೊ ನಿಲ್ದಾಣದಲ್ಲಿ ನೆರಳಿರುವ, ಕಾವಲಿರುವ ಸೈಕಲ್ ಸ್ಟ್ಯಾಂಡ್ ಇದ್ದರೆ ಎರಡು ಮೂರು ಕಿಲೋಮೀಟರ್ ದೂರದವರೂ ಬೈಕ್ ಬಿಟ್ಟು ಬರಬಹುದು.

ಸರ್ಕಾರ ಮಾಡಲಿ ಎಂದು ಕಾಯುತ್ತಾ ಕೂರುವುದೂ ಬೇಡ. ಸಿವಿಲ್ ಓದುವ ಗೆಳೆಯರು ಅಂತಿಮ ವರ್ಷದ ಪ್ರಾಜೆಕ್ಟಿಗೆ ಕಾಲೇಜಿನ ಹತ್ತಿರದ ಒಂದು ನಿಲ್ದಾಣ ಆರಿಸಿಕೊಳ್ಳಲಿ. ಸುತ್ತಲಿನ 500 ಮೀಟರ್ ದಾರಿಯನ್ನು ಟೇಪು ಹಿಡಿದು ಅಳೆಯಲಿ. ಎಲ್ಲಿ ಅಗಲ ಸಾಲದು, ಎಲ್ಲಿ ದೀಪವಿಲ್ಲ, ರಸ್ತೆ ದಾಟಲು ಎಲ್ಲಿ ಕಷ್ಟ ಎಂದು ನಕ್ಷೆ ಬರೆದು ವಾರ್ಡ್ ಕಚೇರಿಗೆ ಕೊಡಲಿ. ಬೇರೆ ವಿಭಾಗದ ನಾವೂ ಜೊತೆಗೆ ಬರುತ್ತೇವೆ. ಬರೀ ದೂರಿನ ಅರ್ಜಿಯನ್ನು ಪಕ್ಕಕ್ಕಿಡುವುದು ಸುಲಭ, ಅಳತೆ ಸಮೇತ ಕೊಟ್ಟ ನಕ್ಷೆಗೆ ಉತ್ತರ ಹೇಳಲೇಬೇಕಾಗುತ್ತದೆ.