ಕಾರಿನ ಹಿಂಬದಿಗೆ ಸ್ಪೀಕರು ಬೇಕೆ?

ಹೊಸ ಕಾರು ಕೊಂಡವರು ಜೆ.ಸಿ. ರಸ್ತೆಯ ಕಡೆಗೊಮ್ಮೆ ಹೋಗಿಬರುವುದು ಬೆಂಗಳೂರಿನಲ್ಲಿ ಒಂದು ಸಂಪ್ರದಾಯವೇ ಆಗಿಹೋಗಿದೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಗೃಹಸ್ಥರು ಈಗ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಇಂತಹ ಅಂಗಡಿಗಳು ತಂತಮ್ಮ ಬಡಾವಣೆಗಳಿಗೇ ಬಂದಿವೆ. ಸೀಟಿಗೆ ಹೊದಿಕೆ, ಕಾಲ ಕೆಳಗೆ ಹಾಸು ಇವೆಲ್ಲ ಇತ್ಯರ್ಥವಾದ ಮೇಲೆ ಅಂಗಡಿಯವನು ತಪ್ಪದೆ ಕೇಳುವ ಪ್ರಶ್ನೆಯೊಂದುಂಟು: "ಹಿಂದಕ್ಕೂ ಎರಡು ಸ್ಪೀಕರ್ ಹಾಕಿಬಿಡಲೇ, ಸಾರ್?" ಬೇಡವೆನ್ನುವವರು ವಿರಳ. ಎರಡಕ್ಕಿಂತ ನಾಲ್ಕು ಹೆಚ್ಚು, ಹೆಚ್ಚೆಂಬುದು ಉತ್ತಮ ಎಂಬ ಲೆಕ್ಕ ಯಾರಿಗೆ ತಾನೇ ತಿಳಿಯದು? ಕಿವಿಯ ಲೆಕ್ಕವಾದರೋ ಬೇರೆ. ಹಾಡನ್ನು ಹಾಡಾಗಿ ಕೇಳಬೇಕೆನ್ನುವವರು ಹಿಂಬದಿಯ ಸ್ಪೀಕರನ್ನು ಬಿಟ್ಟುಬಿಡುವುದೇ ಲೇಸು. ಇದ್ದರೂ ಅದನ್ನು ಬಲು ಮೆಲ್ಲಗೆ ನುಡಿಸತಕ್ಕದ್ದು ಎಂಬುದು ನಮ್ಮ ಅಭಿಪ್ರಾಯ.

ಶಬ್ದವು ಯಾವ ದಿಕ್ಕಿನಿಂದ ಬಂದಿತೆಂಬುದನ್ನು ನಾವು ತಿಳಿಯುವುದು ಹೇಗೆ? ಎಡಗಡೆಯಿಂದ ಬಂದ ಶಬ್ದವು ಎಡಗಿವಿಯನ್ನು ಮೊದಲು ಮುಟ್ಟಿ, ತಲೆಯನ್ನು ಬಳಸಿಕೊಂಡು ಬಲಗಿವಿಗೆ ಸ್ವಲ್ಪ ತಡವಾಗಿ, ಸ್ವಲ್ಪ ಕ್ಷೀಣವಾಗಿ ತಲಪುತ್ತದೆ. ಈ ಕಾಲಭೇದವು ಹೆಚ್ಚೆಂದರೆ ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಆದರೂ ಮಿದುಳು ಅದನ್ನು ಗುರುತಿಸಿಬಿಡುತ್ತದೆ. ತಗ್ಗಿನ ಸ್ವರಗಳಲ್ಲಿ ಕಾಲಭೇದವೂ ಮೇಲಿನ ಸ್ವರಗಳಲ್ಲಿ ಬಲಭೇದವೂ ದಿಕ್ಕನ್ನು ಸೂಚಿಸುವುವೆಂದು ಲಾರ್ಡ್ ರ‍್ಯಾಲೀ 1907ರಲ್ಲಿಯೇ ವಿವರಿಸಿದನು. ಇದೇ ತತ್ತ್ವವನ್ನು ಆಧರಿಸಿ ಆಲನ್ ಬ್ಲುಮ್‌ಲೈನ್ ಎಂಬ ಆಂಗ್ಲ ಎಂಜಿನಿಯರನು 1931ರಲ್ಲಿ ಸ್ಟೀರಿಯೋ ಪದ್ಧತಿಗೆ ಪೇಟೆಂಟನ್ನು ಕೋರಿದನು. ಮುಂದೆ ಎರಡು ಸ್ಪೀಕರುಗಳನ್ನಿಟ್ಟು, ಅವುಗಳ ನಡುವೆ ಗಾಯಕನು ಕುಳಿತಿರುವಂತೆ ಭ್ರಮೆಯನ್ನು ಹುಟ್ಟಿಸುವುದೇ ಸ್ಟೀರಿಯೋದ ಮರ್ಮ. ಧ್ವನಿಮುದ್ರಣ ಮಾಡುವವರು ಸಾಮಾನ್ಯವಾಗಿ ಈ ಏರ್ಪಾಟನ್ನೇ ಮನಸ್ಸಿನಲ್ಲಿಟ್ಟುಕೊಂಡು ಕೆಲಸ ಮಾಡುತ್ತಾರೆ.

ನಮ್ಮ ಕಚೇರಿಗಳನ್ನೇ ನೋಡಿ. ಚಾಮರಾಜಪೇಟೆಯಲ್ಲಿ 1939ರಲ್ಲಿ ಆರಂಭವಾದ ಶ್ರೀರಾಮಸೇವಾ ಮಂಡಲಿಯ ರಾಮನವಮಿ ಕಚೇರಿಗಳಿಗೆ ಹೋಗಿ ಕುಳಿತವರಿಗೆ ಈ ಚಿತ್ರವು ಪರಿಚಿತ. ಗಾಯಕರು ನಡುವೆ, ಅವರ ಎಡಕ್ಕೆ ಪಿಟೀಲು, ಬಲಕ್ಕೆ ಮೃದಂಗ. ಮೃದಂಗವನ್ನು ಬಲಕ್ಕೇ ಇರಿಸುವುದಕ್ಕೆ ಕಾರಣವೂ ಉಂಟು. ಹಾಗೆ ಕುಳಿತರೆ ವಾದ್ಯದ ಬಲಮುಖವು ಶ್ರೋತೃಗಳ ಕಡೆಗೆ ತಿರುಗುತ್ತದೆ. ಕರಣೆ ಹಾಕಿದ ಆ ಬಲಮುಖದ ಚರ್ಮವು ಸಾಮಾನ್ಯ ಚರ್ಮವಾದ್ಯಗಳಂತಲ್ಲದೆ ತಂತಿವಾದ್ಯದಂತೆ ಸುಸ್ವರಗಳನ್ನು ಹೊಮ್ಮಿಸುವುದನ್ನು ಸಿ.ವಿ. ರಾಮನ್ನರು 1920ರಲ್ಲಿ 'ನೇಚರ್' ಪತ್ರಿಕೆಯಲ್ಲಿ ತಿಳಿಸಿದ್ದರು. ಇಷ್ಟೆಲ್ಲ ಏರ್ಪಾಟು ಮುಂದೆ ಕುಳಿತವನ ಕಿವಿಗಾಗಿಯೇ ಆಗಿದೆ. ಮೃದಂಗದವರನ್ನು ಎಬ್ಬಿಸಿ ಶ್ರೋತೃಗಳ ಬೆನ್ನ ಹಿಂದೆ ಕುಳ್ಳಿರಿಸಿದ ಕಾರ್ಯದರ್ಶಿಯನ್ನು ನಾವಿನ್ನೂ ಕಂಡಿಲ್ಲ! ಕಾರಿನಲ್ಲಿ ಮಾತ್ರ ಈ ಅಪಚಾರವನ್ನು ಹಣ ಕೊಟ್ಟು ಮಾಡಿಸಿಕೊಳ್ಳುತ್ತೇವೆ.

ಕಾರಿನೊಳಗಿನ ಅಳತೆಗಳನ್ನು ಈಗ ಗಮನಿಸೋಣ. ನಮ್ಮ ದೇಶದ ಕಾರುಗಳಲ್ಲಿ ಚಾಲಕನು ಬಲಗಡೆ ಕುಳಿತಿರುತ್ತಾನೆ. ಸಾಧಾರಣ ಚಿಕ್ಕ ಕಾರಿನಲ್ಲಿ ಮುಂದಿನ ಬಲಬಾಗಿಲಿನ ಸ್ಪೀಕರು ಅವನ ಕಿವಿಗೆ ಹೆಚ್ಚುಕಡಿಮೆ ಒಂದು ಮೀಟರು ದೂರದಲ್ಲಿದ್ದರೆ, ಎಡಬಾಗಿಲಿನದು ಒಂದೂವರೆ ಮೀಟರು. ಹಿಂದಿನ ಬಲಬಾಗಿಲಿನದೋ ಮತ್ತೆ ಒಂದು ಮೀಟರಿನ ಆಸುಪಾಸು. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರು ಚಲಿಸುವುದರಿಂದ, ಹಿಂದಿನ ಧ್ವನಿಯು ಮುಂದಿನ ಎಡಧ್ವನಿಗಿಂತ ಮುಂಚಿತವಾಗಿಯೇ ಕಿವಿಯನ್ನು ಸೇರುತ್ತದೆ. ಮೊದಲು ಬಂದುದರ ಕಡೆಗೆ ಮನಸ್ಸು ವಾಲುವುದು ಸಹಜ. ಹೀಗಾಗಿ ಗಾಜಿನಾಚೆ ಎದುರಿಗೆ ಕುಳಿತಿರಬೇಕಾದ ಗಾಯಕರು ಚಾಲಕನ ಭುಜದ ಮೇಲೋ ತಲೆಯೊಳಗೋ ಬಂದು ಕುಳಿತುಬಿಡುತ್ತಾರೆ.

ಇದಕ್ಕಿಂತ ದೊಡ್ಡ ತೊಂದರೆ ಮತ್ತೊಂದಿದೆ. ಒಂದೇ ಸ್ವರವು ಎರಡು ಸ್ಥಳಗಳಿಂದ ಹೊರಟು ಕಿವಿಯಲ್ಲಿ ಕೂಡಿದಾಗ, ಒಂದರ ಉಬ್ಬು ಮತ್ತೊಂದರ ತಗ್ಗಿನ ಮೇಲೆ ಬಿದ್ದರೆ ಎರಡೂ ಪರಸ್ಪರ ಅಳಿಸಿಹೋಗುತ್ತವೆ. ಎರಡು ಹಾದಿಗಳ ಅಂತರವು ಕೇವಲ 17 ಸೆಂಟಿಮೀಟರು, ಎಂದರೆ ಗೇಣಿಗಿಂತ ಕಡಿಮೆ ಇದ್ದರೂ ಸಾಕು, 1000 ಹರ್ಟ್ಸಿನ ಸ್ವರವು ಕುಗ್ಗಿಹೋಗುತ್ತದೆ. 3000, 5000 ಹರ್ಟ್ಸಿನವುಗಳಿಗೂ ಅದೇ ಗತಿ. ನಕ್ಷೆಯಲ್ಲಿ ಬರೆದು ನೋಡಿದರೆ ಇದು ಬಾಚಣಿಗೆಯ ಹಲ್ಲುಗಳಂತೆ ಕಾಣುವುದು. ಗಾಜುಗಳಿಂದ ಪ್ರತಿಫಲಿಸುವ ಧ್ವನಿಯಿಂದ ಈ ದೋಷವು ಕಾರಿನಲ್ಲಿ ಹೇಗೂ ಇದ್ದೇ ಇದೆ. ಮತ್ತೆರಡು ಸ್ಪೀಕರುಗಳಿಂದ ಅದನ್ನು ಬೆಳೆಸಿ, ಬಳಿಕ 'ಟ್ರೆಬಲ್' ತಿರುಪಿ ಸರಿಪಡಿಸಹೊರಡುವುದು ವ್ಯರ್ಥಶ್ರಮ.

ಹಾಗಾದರೆ ದೊಡ್ಡ ಸಭಾಂಗಣಗಳಲ್ಲಿ ಹಿಂದೆಯೂ ಸ್ಪೀಕರುಗಳನ್ನು ಇಡುವರಲ್ಲ ಎಂದು ಕೇಳಬಹುದು. ಸರಿಯಾದ ಪ್ರಶ್ನೆಯೇ. ಅಲ್ಲಿ ಬಲ್ಲವರು ಹಿಂದಿನ ಧ್ವನಿಯನ್ನು ಬೇಕೆಂದೇ ತಡಮಾಡಿ ಬಿಡುತ್ತಾರೆ. ಹೆಲ್ಮುಟ್ ಹಾಸ್ ಎಂಬ ಜರ್ಮನ್ ಸಂಶೋಧಕನು 1949ರಲ್ಲಿ ತೋರಿಸಿಕೊಟ್ಟಂತೆ, ಎರಡನೆಯ ಧ್ವನಿಯು ಸೆಕೆಂಡಿನ ಸಾವಿರದ 5ರಿಂದ 30 ಪಾಲಿನಷ್ಟು ತಡವಾಗಿ ಬಂದರೆ, ಅದು ಮೊದಲಿನದಕ್ಕಿಂತ 10 ಡೆಸಿಬೆಲಿನಷ್ಟು ಗಟ್ಟಿಯಾಗಿದ್ದರೂ ಕೇಳುವವನಿಗೆ ಮೊದಲಿನ ದಿಕ್ಕಿನಿಂದಲೇ ಮಾತು ಬಂದಂತೆ ತೋರುವುದು. ಕಾರಿನಲ್ಲಿಯೂ ಹೀಗೆ ತಡಮಾಡಬಲ್ಲ ಯಂತ್ರಗಳಿವೆ. ಅಂತಹುದನ್ನು ಕೊಂಡು, ಕಿವಿಗೊಟ್ಟು ಹೊಂದಿಸಬಲ್ಲವರಿಗೆ ನಮ್ಮ ಆಕ್ಷೇಪಣೆಯಿಲ್ಲ.

ವಾಟುಗಳ ವಿಷಯದಲ್ಲಿ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುವುದು ಒಳಿತು. ಕಾರಿನ ಬ್ಯಾಟರಿಯು ಎಂಜಿನ್ ಓಡುತ್ತಿರುವಾಗ ಸುಮಾರು 14.4 ವೋಲ್ಟುಗಳನ್ನು ಕೊಡುತ್ತದೆ. ಆ ಒತ್ತಡದಿಂದ ಸಾಮಾನ್ಯವಾದ ಕಾರು ಸ್ಟೀರಿಯೋ ಒಂದು 4 ಓಮಿನ ಸ್ಪೀಕರಿಗೆ ಶುದ್ಧವಾಗಿ ಕೊಡಬಲ್ಲುದು ಗಣಿತದ ಪ್ರಕಾರವೇ 26 ವಾಟು. ವಾಸ್ತವದಲ್ಲಿ ಅದಕ್ಕೂ ಕಡಿಮೆ. ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ನೂರಾರು ವಾಟುಗಳನ್ನು ಕಾಗದದ ಮೇಲಿನ ಅಲಂಕಾರವೆಂದೇ ತಿಳಿಯಬೇಕು. ಎರಡರ ಬದಲು ನಾಲ್ಕು ಸ್ಪೀಕರು ನುಡಿದರೆ ಹೆಚ್ಚುವುದು ಸಾಮಾನ್ಯವಾಗಿ 3 ಡೆಸಿಬೆಲ್. ಕಿವಿಗೆ ಇಮ್ಮಡಿಯೆನಿಸಬೇಕಾದರೆ 10 ಬೇಕು.

ಇಲ್ಲಿಯವರೆಗೆ ಹೇಳಿದ್ದೆಲ್ಲ ರುಚಿಯ ಮಾತು. ಒಬ್ಬನಿಗೆ ಹಿಡಿಸಿದ್ದು ಇನ್ನೊಬ್ಬನಿಗೆ ಹಿಡಿಸದಿರಬಹುದು. ಕಾರ್ಡ್ ರೋಡಿನ ಸಾಯಂಕಾಲದ ಸಂದಣಿಯಲ್ಲಿ ಮಾತ್ರ ಇದು ರುಚಿಯ ಮಾತಾಗಿ ಉಳಿಯುವುದಿಲ್ಲ. ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯ ಕಡೆಗೆ ಧಾವಿಸುವ ಆಂಬುಲೆನ್ಸು ಸಾಮಾನ್ಯವಾಗಿ ನಮ್ಮ ಹಿಂದಿನಿಂದ ಬರುತ್ತದೆ. ಒಂದು ಶಬ್ದವನ್ನು ಮತ್ತೊಂದು ಶಬ್ದವು ಮುಚ್ಚಿಹಾಕುವ ಬಗೆಯನ್ನು ಕುರಿತು ನಡೆದಿರುವ ಪ್ರಯೋಗಗಳಿಂದ ಸ್ಪಷ್ಟವಾಗಿರುವ ಸಂಗತಿಯೊಂದಿದೆ. ಎರಡೂ ಬೇರೆಬೇರೆ ದಿಕ್ಕಿನಿಂದ ಬಂದರೆ ಕಿವಿಯು ಅವುಗಳನ್ನು ಬೇರ್ಪಡಿಸಬಲ್ಲುದು; ಒಂದೇ ದಿಕ್ಕಿನಿಂದ ಬಂದರೆ ಆ ಸಾಮರ್ಥ್ಯವು ಕುಗ್ಗುತ್ತದೆ. ಏರಿಸಿದ ಗಾಜಿನ ಮೂಲಕ ಕ್ಷೀಣವಾಗಿ ಬರುವ ಸೈರನ್ನಿಗೂ ನಮಗೂ ನಡುವೆ ಹಿಂಬದಿಯ ಸ್ಪೀಕರುಗಳು ಗೋಡೆ ಕಟ್ಟಿದಂತಾಗುತ್ತದೆ. ದಾರಿ ಬಿಡದವನಿಗೆ 2019ರ ಮೋಟಾರು ವಾಹನ ತಿದ್ದುಪಡಿಯು 10,000 ರೂಪಾಯಿಗಳ ದಂಡವನ್ನೂ ಸೆರೆವಾಸವನ್ನೂ ವಿಧಿಸಲು ಅವಕಾಶ ಮಾಡಿದೆ. ಅದರ ಮಾತು ಹಾಗಿರಲಿ. ಒಳಗೆ ಮಲಗಿರುವ ರೋಗಿಗೆ ಆ ಎರಡು ನಿಮಿಷಗಳ ಬೆಲೆಯು ರೂಪಾಯಿಗಳಲ್ಲಿ ಇಲ್ಲ.

ಹಿಂದಿನ ಸೀಟಿನಲ್ಲಿ ಕುಳಿತಿರುವವರಾರು? ಬಹುಮಟ್ಟಿಗೆ ಮಕ್ಕಳು ಮತ್ತು ವೃದ್ಧರು. ರಸ್ತೆಯ ಗದ್ದಲದಲ್ಲಿ ತನಗೆ ಕೇಳಲೆಂದು ಮುಂದಿರುವವನು ಧ್ವನಿಯನ್ನು ಏರಿಸಿದಾಗ, ಅರ್ಧ ಮೀಟರು ದೂರದಲ್ಲಿ ಬಾಗಿಲಿಗೆ ಒರಗಿ ಕುಳಿತ ಮಗುವಿನ ಕಿವಿಗೆ ಅದು ಇನ್ನೂ ಗಟ್ಟಿಯಾಗಿ ಬಡಿಯುತ್ತದೆ. ಕಿವಿಗೆ ಸಿಕ್ಕಿಸಿಕೊಂಡು ಕೇಳುವ ಸಾಧನಗಳಿಗಾಗಿ ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ಮಾನದಂಡವು ಮಕ್ಕಳಿಗೆ ವಾರಕ್ಕೆ 40 ಗಂಟೆ, 75 ಡೆಸಿಬೆಲ್ ಎಂದು ಮಿತಿಯನ್ನು ಸೂಚಿಸುತ್ತದೆ. ಪ್ರತಿ 3 ಡೆಸಿಬೆಲ್ ಏರಿದಂತೆ ಕಾಲವು ಅರ್ಧವಾಗಬೇಕು. ಎಂದರೆ 84 ಡೆಸಿಬೆಲಿಗೆ ವಾರಕ್ಕೆ ಐದೇ ಗಂಟೆ. ಸಾಧನವು ಬೇರೆಯಾದರೂ ಕಿವಿ ಅದೇ. ಕೆಂಗೇರಿಯಿಂದ ರಾಜಾಜಿನಗರದ ಶಾಲೆಗೆ ಪ್ರತಿದಿನ ಕಾರಿನಲ್ಲಿ ಹೋಗಿಬರುವ ಮಗುವಿಗೆ ಐದು ಗಂಟೆಗಳು ವಾರ ಮುಗಿಯುವ ಮುನ್ನವೇ ತೀರಿಹೋಗುತ್ತವೆ.

ಡಿಕ್ಕಿಯ ಮೇಲಿನ ಪಾರ್ಸೆಲ್ ಟ್ರೇಯನ್ನು ಕೊರೆದು ದೊಡ್ಡ ಅಂಡಾಕಾರದ ಸ್ಪೀಕರುಗಳನ್ನು ಕೂರಿಸುವ ಚಾಳಿಯಂತೂ ನಿಂತುಹೋಗಬೇಕು. ಹಿಂದೆ ಅಂಬಾಸಡರ್ ಕಾರಿನಲ್ಲಿ ಸೀಟಿನ ಹಿಂದಿನ ಹಲಗೆಯು ಕಾರಿನ ಮೈಗೇ ಸೇರಿದ್ದಿತು. ಈಗಿನ ಚಿಕ್ಕ ಕಾರುಗಳ ಟ್ರೇ ಕೈಯಿಂದ ಎತ್ತಿ ತೆಗೆಯುವಂಥದು. ಗಂಟೆಗೆ 50 ಕಿಲೋಮೀಟರು ವೇಗದಲ್ಲಿರುವ ಕಾರು ಎದುರಿನದಕ್ಕೆ ಡಿಕ್ಕಿ ಹೊಡೆದು ನಿಂತರೆ, ಬಿಗಿಯದ ಸ್ಪೀಕರು ಅದೇ ವೇಗದಲ್ಲಿ ಮುಂದಕ್ಕೆ ಹಾರುತ್ತದೆ. ಮೂರನೆಯ ಅಂತಸ್ತಿನಿಂದ, ಎಂದರೆ ಸುಮಾರು 10 ಮೀಟರು ಎತ್ತರದಿಂದ ಅದನ್ನು ಕೆಳಗೆ ಬಿಟ್ಟರೆ ಬರುವ ವೇಗವೂ ಅಷ್ಟೇ. ಅದರ ನೇರದಲ್ಲಿ ಇರುವುದು ಹಿಂದೆ ಕುಳಿತವರ ತಲೆ.

ಹಿಂದೆ ಕುಳಿತ ತಾತನವರಿಗೆ ವಾರ್ತೆಯು ಕೇಳಬೇಡವೇ ಎಂಬ ಆಕ್ಷೇಪಣೆಯು ನ್ಯಾಯವಾದುದೇ. ಮುಂದಿನ ಬಾಗಿಲಿನ ಸ್ಪೀಕರುಗಳು ಕಾಲಿನ ಮಟ್ಟದಲ್ಲಿರುವುದರಿಂದ ಸೀಟುಗಳು ಮೇಲಿನ ಸ್ವರಗಳನ್ನು ಹೀರಿಬಿಡುತ್ತವೆ. ವ್ಯಂಜನಗಳು ಅಸ್ಪಷ್ಟವಾಗಿ ಮಾತು ಮಂಕಾಗುವುದು ನಿಜ. ಇಂತಹ ಮನೆಯವರು ಹಿಂದಿನ ಬಾಗಿಲಿನ ಸ್ಪೀಕರುಗಳನ್ನು ಉಳಿಸಿಕೊಳ್ಳಲಿ. ಆದರೆ ಹೊಸತಕ್ಕೆ ಹಾಕುವ ಹಣವನ್ನು ಮುಂದಿನ ಬಾಗಿಲುಗಳಿಗೆ ಹಾಕಲಿ. ಒಳ್ಳೆಯದೊಂದು ಜೊತೆ ಸ್ಪೀಕರು, ಕನ್ನಡಿಯ ಹತ್ತಿರ ಎತ್ತರದಲ್ಲಿ ಕೂರಿಸಿದ ಟ್ವೀಟರು, ಬಾಗಿಲಿನ ತಗಡು ಗಡಗಡಿಸದಂತೆ ಅಂಟಿಸುವ ಹಾಳೆ, ಇಷ್ಟಾದರೆ ಸಾಕು.

ಹೊಂದಿಸುವುದಕ್ಕೆ ಉಪಕರಣವೇನೂ ಬೇಕಾಗಿಲ್ಲ. ಕಾರನ್ನು ನಿಲ್ಲಿಸಿ, ಪರಿಚಿತವಾದ ಒಂದು ಕಚೇರಿಯ ಧ್ವನಿಮುದ್ರಣವನ್ನು ಹಾಕಿ, ಫೇಡರನ್ನು ಪೂರ್ತಿಯಾಗಿ ಮುಂದಕ್ಕೆ ತಿರುಗಿಸಿ. ಬಳಿಕ ಒಂದೊಂದೇ ಹೆಜ್ಜೆ ಹಿಂದಕ್ಕೆ ಬನ್ನಿ. ಗಾಯಕರು ಗಾಜಿನ ಮುಂದಿನಿಂದ ಕದಲಿ ನಿಮ್ಮ ಕಡೆಗೆ ಬಂದರೆನಿಸಿದ ಕೂಡಲೇ ಎರಡು ಹೆಜ್ಜೆ ಮುಂದಕ್ಕೆ ಸರಿಸಿ ಅಲ್ಲಿಯೇ ಬಿಡಿ. ಹಿಂದೆ ಕುಳಿತವರಿಗೆ ಮಾತು ಕೇಳಿಸುತ್ತಿದೆಯೇ ಎಂದು ಅವರನ್ನೇ ಕೇಳಿ ನೋಡಿ, ಸಾಮಾನ್ಯವಾಗಿ ಕೇಳಿಸುತ್ತಿರುತ್ತದೆ.