ಶೆರಿಫ್‌ಗೆ ವೋಟು ಹಾಕಿಬಿಟ್ಟರೆ ಸಾಕೇ?

ನಮ್ಮ ಹೋಬಳಿಯ ನಿವೃತ್ತ ಮೇಷ್ಟ್ರೊಬ್ಬರು ಮಗನ ಮನೆಗೆ ಅಂತ ಅಮೆರಿಕಕ್ಕೆ ಹೋಗಿ ಐದು ತಿಂಗಳಿದ್ದು ಬಂದರು. ಮಗ ಇರುವುದು ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೊದಲ್ಲಿ. ಆಪಲ್ ಫೋನಿನ ಕಂಪನಿಯ ಊರು ಅದು. ವಾಪಸು ಬಂದವರು ಫೋನಿನಲ್ಲಿ ಒಂದು ಪೊಲೀಸ್ ಕಾರಿನ ಫೋಟೋ ತೋರಿಸಿದರು. ಅದರ ಮೇಲೆ ಪೊಲೀಸ್ ಅಂತ ಇರಲಿಲ್ಲ, ಶೆರಿಫ್ ಅಂತಿತ್ತು.

“ಈ ಸಾಹೇಬರಿಗೆ ಅಲ್ಲಿ ಜನರೇ ವೋಟು ಹಾಕೋದಂತಪ್ಪ. ನಮ್ಮ ಎಸ್ಪಿಗೂ ನಾವೇ ವೋಟು ಹಾಕೋ ಹಾಗಿದ್ರೆ ಸ್ಟೇಷನ್ನಿನಲ್ಲಿ ನಮಗೊಂದು ಕುರ್ಚಿ ಕೊಡ್ತಿದ್ರೋ ಇಲ್ವೋ?” ಅಂದರು.

ಕುರ್ಚಿಯ ಮಾತು ನಮಗೆ ತಾಗಿತು. ದೂರು ಕೊಡಲು ಹೋದವರು ಗೋಡೆಗೆ ಒರಗಿ ನಿಂತಿರುವುದನ್ನು ವರದಿಗೆ ಹೋದಾಗಲೆಲ್ಲ ನೋಡಿದವರು ನಾವು. ಆದರೆ ಮೇಷ್ಟ್ರ ಪ್ರಶ್ನೆಗೆ ಹೌದು ಅನ್ನುವ ಮೊದಲು ಅವರ ಮಗನ ಕೌಂಟಿಯ ಕಥೆಯನ್ನೇ ಸ್ವಲ್ಪ ಬಿಡಿಸಿ ನೋಡಬೇಕಿದೆ.

ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದ ಹಾಗೆ. ಅಮೆರಿಕದಲ್ಲಿ ಅಂಥವು ಮೂರು ಸಾವಿರಕ್ಕೂ ಹೆಚ್ಚು. ಬಹುತೇಕ ಎಲ್ಲ ಕಡೆ ಒಬ್ಬ ಶೆರಿಫ್ ಇರುತ್ತಾರೆ, ಬಹುತೇಕ ಎಲ್ಲರೂ ಚುನಾವಣೆಯಲ್ಲಿ ಗೆದ್ದು ಬಂದವರೇ. ಪದ ಹಳೆಯ ಇಂಗ್ಲೆಂಡಿನದು. ‘ಶೈರ್’ ಅಂದರೆ ಸೀಮೆ, ‘ರೀವ್’ ಅಂದರೆ ರಾಜನ ಅಧಿಕಾರಿ, ಎರಡೂ ಸೇರಿ ಬಾಯಲ್ಲಿ ಸವೆದು ಶೆರಿಫ್ ಆಯಿತು. ರಾಬಿನ್ ಹುಡ್ ಕಥೆಯ ವಿಲನ್ ಕೂಡ ಶೆರಿಫನೇ. ಬ್ರಿಟಿಷರು ಬಾಂಬೆ, ಮದ್ರಾಸು, ಕಲ್ಕತ್ತಗಳಿಗೂ ಈ ಹುದ್ದೆ ತಂದಿದ್ದರು. ನಮ್ಮ ದೇಶದಲ್ಲಿ ಅದು ಬರೀ ಗೌರವದ ಪದವಿಯಾಗಿ ಉಳಿಯಿತು, ಅಮೆರಿಕದಲ್ಲಿ ಬಂದೂಕು, ಜೈಲು ಎರಡನ್ನೂ ಇಟ್ಟುಕೊಂಡು ಬೆಳೆಯಿತು.

ಕ್ಯುಪರ್ಟಿನೊ ಇರುವುದು ಸಾಂಟಾ ಕ್ಲಾರಾ ಕೌಂಟಿಯಲ್ಲಿ. ಜನಸಂಖ್ಯೆ ಸುಮಾರು 19 ಲಕ್ಷ, ಒಳಗೆ 15 ನಗರಗಳು. ಸಾನ್ ಹೋಸೆಯಂಥ ದೊಡ್ಡ ನಗರಕ್ಕೆ ಅದರದೇ ಪೊಲೀಸ್ ಇಲಾಖೆ, ಅದಕ್ಕೊಬ್ಬ ನೇಮಕಗೊಂಡ ಮುಖ್ಯಸ್ಥರು. ಯಾವ ನಗರದ ಗಡಿಗೂ ಸೇರದ ಹಳ್ಳಿ, ಗುಡ್ಡ, ತೋಟಗಳ ಪ್ರದೇಶ ಶೆರಿಫ್‌ಗೆ. ಕ್ಯುಪರ್ಟಿನೊ, ಸಾರಟೋಗ, ಲಾಸ್ ಆಲ್ಟೋಸ್ ಹಿಲ್ಸ್ ಎಂಬ ಮೂರು ನಗರಗಳು ಸ್ವಂತ ಪೊಲೀಸ್ ಇಟ್ಟುಕೊಂಡಿಲ್ಲ. ಕೌಂಟಿಗೆ ದುಡ್ಡು ಕಟ್ಟಿ ಶೆರಿಫ್‌ ಕಡೆಯವರನ್ನೇ ಕರಾರಿನ ಮೇಲೆ ಕರೆಸಿಕೊಳ್ಳುತ್ತವೆ. ಮೇಷ್ಟ್ರು ನೋಡಿದ ಕಾರು ಆ ಕರಾರಿನದು. ಮಗನ ಮನೆಯಲ್ಲಿ ಒಬ್ಬರೇ ಇದ್ದಾಗ ಕಳ್ಳ ಬಂದು ಅವರು 911ಕ್ಕೆ ಫೋನು ಮಾಡಿದ್ದರೆ ಬಾಗಿಲಿಗೆ ಬರುತ್ತಿದ್ದುದೂ ಅದೇ ಕಾರು.

ಕಚೇರಿಯ ಏಣಿ ನಮ್ಮ ಕಣ್ಣಿಗೆ ಹೊಸದೇನಲ್ಲ. ಮೇಲೆ ಶೆರಿಫ್, ಅವರ ಕೈಕೆಳಗೆ ಅಂಡರ್‌ಶೆರಿಫ್, ಆಮೇಲೆ ಕ್ಯಾಪ್ಟನ್, ಲೆಫ್ಟಿನೆಂಟ್, ಸಾರ್ಜೆಂಟ್, ಕೊನೆಯಲ್ಲಿ ಬೀದಿ ಸುತ್ತುವ ಡೆಪ್ಯುಟಿಗಳು. ಹೊಸದು ಅಂದರೆ ಒಂದೇ ಕಚೇರಿಗೆ ಬಿದ್ದಿರುವ ಕೆಲಸಗಳ ರಾಶಿ. ಬೀಟ್ ತಿರುಗುವುದು, ಅಪರಾಧದ ತನಿಖೆ, ಕೋರ್ಟಿನ ಕಾವಲು, ಬಾಡಿಗೆ ಮನೆ ಖಾಲಿ ಮಾಡಿಸುವ ಕೋರ್ಟ್ ಆದೇಶ ಹಿಡಿದು ಬಾಗಿಲು ತಟ್ಟುವುದು, ಗುಡ್ಡದಲ್ಲಿ ದಾರಿ ತಪ್ಪಿದವರನ್ನು ಹುಡುಕುವುದು, ಇವೆಲ್ಲದರ ಜೊತೆಗೆ ಜೈಲು. ನಮ್ಮಲ್ಲಿ ಜೈಲು ಇಲಾಖೆ ಬೇರೆ, ಕೋರ್ಟಿನ ಅಮೀನರು ಬೇರೆ, ಎಸ್ಪಿ ಬೇರೆ. ಅಲ್ಲಿ ಹಿಡಿಯುವವರೂ ಇಟ್ಟುಕೊಳ್ಳುವವರೂ ಒಬ್ಬರ ಕೈಕೆಳಗೇ.

ಇನ್ನೂ ಒಂದು ವಿಚಿತ್ರವಿದೆ. ಕ್ಯಾಲಿಫೋರ್ನಿಯಾದ 58 ಕೌಂಟಿಗಳಲ್ಲಿ ಹೆಚ್ಚಿನವುಗಳಲ್ಲಿ ಅನುಮಾನದ ಸಾವು ಹೇಗಾಯಿತು ಅಂತ ಅಧಿಕೃತವಾಗಿ ಬರೆಯುವ ಕಾರೊನರ್ ಹುದ್ದೆಯೂ ಶೆರಿಫ್‌ದೇ. ಪೊಲೀಸರ ಕೈಯಲ್ಲೇ ಯಾರಾದರೂ ಸತ್ತರೆ? ಸಾನ್ ಹೊವಾಕಿನ್ ಎಂಬ ಕೌಂಟಿಯಲ್ಲಿ ಶವಪರೀಕ್ಷೆ ಮಾಡುವ ಇಬ್ಬರು ವೈದ್ಯರು, ಶೆರಿಫ್ ನಮ್ಮ ತೀರ್ಮಾನಗಳಲ್ಲಿ ಕೈ ಹಾಕುತ್ತಾರೆ ಅಂತ ಆರೋಪಿಸಿ 2017ರಲ್ಲಿ ರಾಜೀನಾಮೆ ಕೊಟ್ಟರು. ಅವರಲ್ಲೊಬ್ಬರು ಡಾ. ಬೆನೆಟ್ ಒಮಾಲು, ಅಮೆರಿಕನ್ ಫುಟ್ಬಾಲ್ ಆಟಗಾರರ ಮಿದುಳಿಗೆ ಆಗುವ ಹಾನಿಯನ್ನು ಹೊರಗೆ ತಂದು ಹೆಸರಾದವರು. ಮುಂದಿನ ವರ್ಷದ ಚುನಾವಣೆಯಲ್ಲಿ ಆ ಶೆರಿಫ್ ಸೋತರು, ಕೌಂಟಿ ಆಡಳಿತ ಶವಪರೀಕ್ಷೆಯ ಕೆಲಸವನ್ನು ಶೆರಿಫ್ ಕಚೇರಿಯಿಂದ ಬೇರೆ ಮಾಡಿತು. ಇಲ್ಲಿ ವೋಟು ಕೆಲಸ ಮಾಡಿತು ಅನ್ನೋಣ. ಮೇಷ್ಟ್ರಿಗೆ ಒಂದು ಅಂಕ.

ಈಗ ಅವರ ಮಗನ ಕೌಂಟಿಗೆ ಬರೋಣ.

1998ರಲ್ಲಿ ಲಾರಿ ಸ್ಮಿತ್ ಎಂಬವರು ಸಾಂಟಾ ಕ್ಲಾರಾದ ಶೆರಿಫ್ ಆಗಿ ಗೆದ್ದರು. ಕ್ಯಾಲಿಫೋರ್ನಿಯಾದಲ್ಲಿ ಚುನಾಯಿತರಾದ ಮೊದಲ ಮಹಿಳಾ ಶೆರಿಫ್. ಜನ ಮೆಚ್ಚಿದರು, ಮತ್ತೆ ಮತ್ತೆ ಗೆಲ್ಲಿಸಿದರು. ಒಟ್ಟು ಆರು ಸಲ. 2015ರಲ್ಲಿ ಅವರ ಕಚೇರಿ ನಡೆಸುತ್ತಿದ್ದ ಜೈಲಿನಲ್ಲಿ ಒಬ್ಬ ಮಾನಸಿಕ ಅಸ್ವಸ್ಥ ಕೈದಿ ಸತ್ತ. ಚಿಕಿತ್ಸಾ ಕೇಂದ್ರದಲ್ಲಿ ಹಾಸಿಗೆ ಖಾಲಿಯಾಗಲಿ ಅಂತ ಜೈಲಿನಲ್ಲಿ ಕಾಯುತ್ತಿದ್ದವನು. ಮೂವರು ಕಾವಲುಗಾರರು ಹೊಡೆದು ಕೊಂದರು ಅಂತ ಅವರ ಮೇಲೆ ಕೊಲೆ ಮೊಕದ್ದಮೆ ನಡೆಯಿತು. ಅದಾದ ಮೇಲೂ 2018ರಲ್ಲಿ ಸ್ಮಿತ್ ಗೆದ್ದರು. ನಮಗೆ ಇದರಲ್ಲಿ ಆಶ್ಚರ್ಯವಿಲ್ಲ. ಜೈಲಿನಲ್ಲಿರುವವನ ಪರವಾಗಿ ಯಾವ ಊರಿನಲ್ಲೂ ವೋಟು ಬೀಳುವುದಿಲ್ಲ. ರಸ್ತೆಯಲ್ಲಿ ಕಾರು ಓಡಾಡುತ್ತಿದ್ದರೆ, ಮನೆಗಳವು ಕಡಿಮೆ ಇದ್ದರೆ ಮತದಾರನಿಗೆ ಅಷ್ಟು ಸಾಕು.

ಕೊನೆಗೆ ಅವರು ಸಿಕ್ಕಿಬಿದ್ದದ್ದು ಬಂದೂಕಿನ ಪರವಾನಗಿಯಲ್ಲಿ. ಅಂಗಿಯೊಳಗೆ ಬಂದೂಕು ಇಟ್ಟುಕೊಂಡು ತಿರುಗಲು ಕ್ಯಾಲಿಫೋರ್ನಿಯಾದಲ್ಲಿ ಪರವಾನಗಿ ಬೇಕು. ಅದನ್ನು ಯಾರಿಗೆ ಕೊಡಬೇಕು, ಯಾರಿಗೆ ಬೇಡ ಅನ್ನುವುದು ಆಗ ಹೆಚ್ಚುಕಡಿಮೆ ಶೆರಿಫ್ ಮರ್ಜಿ. ಸಾಂಟಾ ಕ್ಲಾರಾದಲ್ಲಿ ಸಾಮಾನ್ಯರ ಅರ್ಜಿಗಳು ಹಾಗೇ ಬಿದ್ದಿರುತ್ತಿದ್ದವು, ಬೇಕಾದವರಿಗೆ, ಚುನಾವಣೆಗೆ ದೇಣಿಗೆ ಕೊಟ್ಟವರಿಗೆ ಸಿಗುತ್ತಿತ್ತು ಅನ್ನುವುದು ಆರೋಪ. ಅಂಡರ್‌ಶೆರಿಫ್ ಮೇಲೆ, ಒಬ್ಬ ಕ್ಯಾಪ್ಟನ್ ಮೇಲೆ ಕ್ರಿಮಿನಲ್ ಕೇಸು ಬಿತ್ತು. ಐಸ್ ಹಾಕಿ ಪಂದ್ಯದ ಐಷಾರಾಮಿ ಬಾಕ್ಸ್ ಸೀಟಿನ ಪ್ರಕರಣವೂ ಹೊರಬಂತು. ಚುನಾವಣೆ ಅಂದ ಮೇಲೆ ಪ್ರಚಾರ, ಪ್ರಚಾರ ಅಂದ ಮೇಲೆ ಖರ್ಚು, ಖರ್ಚು ಅಂದ ಮೇಲೆ ಕೊಡುವ ಕೈ. ಗ್ರಾಮ ಪಂಚಾಯ್ತಿ ಚುನಾವಣೆ ನೋಡಿದ ಓದುಗರಿಗೆ ಇದನ್ನು ನಾವು ವಿವರಿಸಬೇಕಾಗಿಲ್ಲ.

ಕೌಂಟಿಯ ಆಡಳಿತ ನೋಡಿಕೊಳ್ಳುವುದು ಐವರು ಚುನಾಯಿತ ಸೂಪರ್‌ವೈಸರ್‌ಗಳ ಮಂಡಳಿ. ಶೆರಿಫ್ ಕಚೇರಿಯ ಬಜೆಟ್ಟು ಅವರ ಕೈಯಲ್ಲಿ. ಆದರೆ ಶೆರಿಫ್‌ರನ್ನು ತೆಗೆಯುವ ಅಧಿಕಾರ ಅವರಿಗಿರಲಿಲ್ಲ. ನಿಮ್ಮ ಹಾಗೆ ನಾನೂ ಜನರಿಂದ ಬಂದವಳು ಅಂದರೆ ಮುಗಿಯಿತು. 2021ರ ಆಗಸ್ಟ್‌ನಲ್ಲಿ ಮಂಡಳಿ ಸರ್ವಾನುಮತದಿಂದ ಅವಿಶ್ವಾಸ ಸೂಚಿಸಿತು, ಸ್ಮಿತ್ ಮರುದಿನವೂ ಅದೇ ಕುರ್ಚಿಯಲ್ಲೇ ಇದ್ದರು.

ಕುರ್ಚಿ ಅಲುಗಾಡಿಸಿದ್ದು ಸಿವಿಲ್ ಗ್ರ್ಯಾಂಡ್ ಜ್ಯೂರಿ. ಇದರ ಬಗ್ಗೆ ನಮ್ಮ ಕಡೆ ಯಾರೂ ಮಾತಾಡುವುದಿಲ್ಲ, ವೋಟಿನಷ್ಟು ಅದು ಕಣ್ಣಿಗೆ ಬೀಳುವುದಿಲ್ಲವಲ್ಲ. ಕ್ಯಾಲಿಫೋರ್ನಿಯಾದ ಪ್ರತಿ ಕೌಂಟಿಯಲ್ಲೂ ಇಂಥದೊಂದು ಗುಂಪಿರುತ್ತದೆ, ಸಾಂಟಾ ಕ್ಲಾರಾದಲ್ಲಿ 19 ಜನ. ಅಧಿಕಾರಿಗಳಲ್ಲ, ವಕೀಲರೇ ಆಗಬೇಕೆಂದೂ ಇಲ್ಲ, ಅದೇ ಕೌಂಟಿಯ ಸಾಧಾರಣ ನಾಗರಿಕರು. ಒಂದು ವರ್ಷದ ಮಟ್ಟಿಗೆ ಕೂತು ಸ್ಥಳೀಯ ಸರ್ಕಾರದ ಕಡತ ತೆಗೆಸಿ ನೋಡಬಹುದು, ಅಧಿಕಾರಿಗಳನ್ನು ಕರೆದು ಕೇಳಬಹುದು, ಜೈಲಿನೊಳಗೆ ಹೋಗಬಹುದು. ನಮ್ಮ ನರೇಗಾ ಸಾಮಾಜಿಕ ಪರಿಶೋಧನೆಗೆ ಹಲ್ಲು ಬಂದರೆ ಹೇಗಿರುತ್ತದೋ ಹಾಗೆ ಅಂದುಕೊಳ್ಳಿ. 2021ರ ಡಿಸೆಂಬರಿನಲ್ಲಿ ಈ ಗುಂಪು ಶೆರಿಫ್ ಮೇಲೆ ಭ್ರಷ್ಟಾಚಾರದ ಆರೋಪಪಟ್ಟಿ ಕೊಟ್ಟಿತು. ವಿಚಾರಣೆ ನಡೆಯಿತು. ತೀರ್ಪು ಬರುವ ಹೊತ್ತಿಗೆ, 2022ರ ಅಕ್ಟೋಬರ್ 31ರಂದು ಸ್ಮಿತ್ ರಾಜೀನಾಮೆ ಕೊಟ್ಟರು. ಹೇಗೂ ಇಳಿದೆನಲ್ಲ, ಇನ್ನು ಕೇಸು ಯಾಕೆ ಅನ್ನುವುದು ಅವರ ಕಡೆಯ ವಾದ. ನ್ಯಾಯಾಧೀಶರು ಒಪ್ಪಲಿಲ್ಲ. ಕೆಲವೇ ದಿನಗಳಲ್ಲಿ ಜ್ಯೂರಿ ಬಹುತೇಕ ಆರೋಪಗಳಲ್ಲಿ ಅವರು ತಪ್ಪಿತಸ್ಥರು ಅಂದಿತು. ಆ ವಿಚಾರಣೆಯಲ್ಲಿ ಜೈಲು ಶಿಕ್ಷೆ ಇಲ್ಲ, ಹುದ್ದೆಯಿಂದ ತೆಗೆಯುವುದಷ್ಟೇ. ಆದರೂ ಕಡತದಲ್ಲಿ ಅದು ಉಳಿಯಿತು. ಅದೇ ನವೆಂಬರ್‌ನಲ್ಲಿ ಜನ ಹೊಸ ಶೆರಿಫ್‌ರನ್ನು ಆರಿಸಿದರು.

ದಕ್ಷಿಣದ ಲಾಸ್ ಏಂಜಲೀಸ್ ಕೌಂಟಿಯದೂ ಹತ್ತಿರ ಹತ್ತಿರ ಇದೇ ಪಾಠ. ಅಲ್ಲಿ ಲೀ ಬಾಕಾ ಎಂಬ ಶೆರಿಫ್ ನಾಲ್ಕು ಸಲ ಗೆದ್ದಿದ್ದರು, ಜೈಲಿನಲ್ಲಿ ನಡೆಯುತ್ತಿದ್ದ ಹೊಡೆತ ಬಡಿತದ ಕೇಂದ್ರ ತನಿಖೆಗೆ ಅಡ್ಡಿ ಮಾಡಿದ್ದಕ್ಕೆ 2017ರಲ್ಲಿ ಅವರಿಗೆ ಜೈಲಾಯಿತು. 2022ರಲ್ಲಿ ಅಲ್ಲಿನ ಮತದಾರರೇ ಒಂದು ನಿಯಮಕ್ಕೆ ವೋಟು ಹಾಕಿದರು: ಗಂಭೀರ ತಪ್ಪು ಮಾಡಿದ ಶೆರಿಫ್‌ರನ್ನು ಐವರು ಸೂಪರ್‌ವೈಸರ್‌ಗಳಲ್ಲಿ ನಾಲ್ವರು ಒಪ್ಪಿದರೆ ತೆಗೆಯಬಹುದು. ನಾವೇ ಆರಿಸುತ್ತೇವೆ, ಆದರೆ ಮಧ್ಯದಲ್ಲಿ ಕೈ ಹಿಡಿಯಲು ಇನ್ನೊಬ್ಬರಿರಲಿ ಅಂತ ವೋಟು ಹಾಕಿದವರೇ ಹೇಳಿದ ಹಾಗಾಯಿತು.

ಹಾಗಾಗಿ ಮೇಷ್ಟ್ರಿಗೆ ನಾವು ಹೇಳಿದ್ದು ಇಷ್ಟು. ನಮ್ಮ ಎಸ್ಪಿ ಸಾಹೇಬರಿಗೆ ಚುನಾವಣೆ ಬೇಡ, ಅವರೂ ಬ್ಯಾನರ್ ಕಟ್ಟಿಸಿಕೊಳ್ಳುವುದು ಬೇಡ. ಅಮೆರಿಕದಿಂದ ತರುವುದೇ ಆದರೆ ಆ 19 ಜನರ ಗುಂಪನ್ನು ತರೋಣ. ಸ್ಟೇಷನ್ನಿನ ರಿಜಿಸ್ಟರು, ಲಾಕಪ್ಪು, ತಿರಸ್ಕರಿಸಿದ ದೂರುಗಳ ಲೆಕ್ಕವನ್ನು ಊರಿನವರೇ ವರ್ಷಪೂರ್ತಿ ಕೂತು ನೋಡುವಂತಾಗಲಿ. ಆ ಗುಂಪು ಒಳಗೆ ಬರುತ್ತದೆ ಅಂತ ಗೊತ್ತಾದ ದಿನ ಕುರ್ಚಿ ತಾನಾಗಿ ಬರುತ್ತದೆ.

ಮೇಷ್ಟ್ರು ಪೂರ್ತಿ ಒಪ್ಪಲಿಲ್ಲ. “ಸೋಲಿಸೋ ಅಧಿಕಾರ ಜನರ ಕೈಯಲ್ಲಿರಬೇಕು ಕಣ್ರಪ್ಪ, ಗುಂಪು ಗಿಂಪು ಆಮೇಲೆ” ಅಂದರು. ಆಮೇಲೆ ಏನೋ ನೆನಪಾಗಿ, “ಅಂದ ಹಾಗೆ ನಮ್ಮ ಹುಡುಗ ಅಲ್ಲಿಗೆ ಹೋಗಿ ಒಂಬತ್ತು ವರ್ಷ ಆಯ್ತು. ಅವನೂ ಹಾಕಿರ್ತಾನಲ್ವಾ?” ಅಂತ ಕೇಳಿದರು.

ಇಲ್ಲ. ಎಚ್-1ಬಿ ವೀಸಾದವರಿಗೆ ವೋಟಿಲ್ಲ, ಗ್ರೀನ್ ಕಾರ್ಡ್ ಸಿಕ್ಕರೂ ಇಲ್ಲ, ಪೌರತ್ವ ಬರಬೇಕು. ಗ್ರೀನ್ ಕಾರ್ಡಿಗೇ ಭಾರತದವರ ಸಾಲು ವರ್ಷಗಟ್ಟಲೆ ಉದ್ದವಿದೆ. ತೆರಿಗೆ ಕಟ್ಟುವುದು, ಆ ಕಾರು ಕಂಡಾಗ ಸ್ಪೀಡು ಇಳಿಸುವುದು ಮಾತ್ರ ಎಲ್ಲರಂತೆ. ಅವರ ಮನೆಯಲ್ಲಿ ಶೆರಿಫ್‌ಗೆ ವೋಟು ಹಾಕುವ ಹಕ್ಕು ಮೊದಲು ಬರುವುದು ಅಲ್ಲೇ ಹುಟ್ಟಿದ ಮೊಮ್ಮಗಳಿಗೇ ಇರಬೇಕು. ಅವಳಿಗೀಗ ಆರು ವರ್ಷ.