ಮಳಿಗೆ ನನ್ನದು, ಸೂರು ಯಾರದು?

2012ರ ಆಗಸ್ಟಿನಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಬಿದ್ದು ನಾಲ್ವರು ಪ್ರಾಣ ಕಳೆದುಕೊಂಡರು. ನಾಲ್ಕು ವರ್ಷಗಳ ತರುವಾಯ, 2016ರ ಆಗಸ್ಟಿನಲ್ಲಿ, ಪಕ್ಕದ ದೇವರಾಜ ಮಾರುಕಟ್ಟೆಯ ಉತ್ತರ ಭಾಗ ಕುಸಿಯಿತು. ಎರಡೂ ಅರಸರ ಕಾಲದ ಕಟ್ಟಡಗಳು. ಎರಡರಲ್ಲೂ ಬದುಕು ಕಟ್ಟಿಕೊಂಡವರು ಹೂವು, ಎಲೆ, ಹಣ್ಣು, ಹಳೆಯ ಪುಸ್ತಕ ಮಾರುವ ಸಣ್ಣ ವ್ಯಾಪಾರಗಾರರು. ಕೆಡವಬೇಕೆ, ಉಳಿಸಬೇಕೆ ಎಂದು ಸಮಿತಿಗಳಲ್ಲೂ ನ್ಯಾಯಾಲಯದಲ್ಲೂ ವಾದ ನಡೆಯಿತು. ನಾವು ಕೇಳುವ ಪ್ರಶ್ನೆ ಬೇರೆ. ಎಲ್ಲರಿಗೂ ಸೇರಿದ ಸೂರು ಸೋರತೊಡಗಿದ ದಿನವೇ ಅದನ್ನು ಸರಿಪಡಿಸದಂತೆ ತಡೆಯುವುದು ಏನು?

ಒಂದು ಸಾಲಿನಲ್ಲಿ ನೂರು ಮಳಿಗೆಗಳು ಎನ್ನೋಣ. ರಿಪೇರಿಗೆ ಒಂದು ಲಕ್ಷ ರೂಪಾಯಿ, ತಲೆಗೆ ಒಂದು ಸಾವಿರ. ತೊಂಬತ್ತೊಂಬತ್ತು ಮಂದಿ ಕೊಟ್ಟರೆ ಕೊಡದವನ ಗಲ್ಲಾಪೆಟ್ಟಿಗೆಯೂ ನೆನೆಯುವುದಿಲ್ಲ. ಅವನೊಬ್ಬನೇ ಕೊಟ್ಟರೆ ಸಾವಿರವೂ ಹೋಯಿತು, ಸೂರೂ ಆಗಲಿಲ್ಲ. ಹೇಗೆ ನೋಡಿದರೂ ಕೈ ಬಿಗಿಹಿಡಿಯುವುದೇ ಜಾಣತನವೆಂದು ತೋರುತ್ತದೆ. ನೂರು ಮಂದಿಯೂ ಜಾಣರಾದರೆ ಮಳೆ ನೂರು ಮಂದಿಯ ಮೇಲೂ ಸುರಿಯುತ್ತದೆ.

ಅಮೆರಿಕದ ಅರ್ಥಶಾಸ್ತ್ರಜ್ಞ ಪಾಲ್ ಸ್ಯಾಮ್ಯುಯೆಲ್ಸನ್ 1954ರಲ್ಲೇ ಒಂದು ಪುಟ್ಟ ಲೇಖನದಲ್ಲಿ ಇದನ್ನು ಹೇಳಿದ. ಬಾಳೆಹಣ್ಣು ಬೇಕಾದವನು ದುಡ್ಡು ಕೊಟ್ಟು ತನ್ನ ಬಯಕೆಯನ್ನು ತಾನೇ ಬಯಲು ಮಾಡುತ್ತಾನೆ. ಎಲ್ಲರಿಗೂ ಒಟ್ಟಿಗೆ ಸಲ್ಲುವ ವಸ್ತುವಾದರೆ, ತನಗೆ ಅದು ಅಷ್ಟೇನೂ ಬೇಕಿಲ್ಲವೆಂದು ನಟಿಸುವುದೇ ಪ್ರತಿಯೊಬ್ಬನಿಗೂ ಲಾಭ. ಪೇಟೆಯ ಬೆಲೆಯ ಲೆಕ್ಕ ಅಲ್ಲಿ ನಡೆಯದು. ಸಕಲವನ್ನೂ ಪೇಟೆಯ ಕೈಗೆ ಒಪ್ಪಿಸಿ ಎನ್ನುವ ಮಹನೀಯರು ಇದನ್ನು ಓದಿಲ್ಲವೋ, ಓದಿ ಮರೆತರೋ!

ಗಿರಣಿಯ ಬಂಧುಗಳಿಗೆ ಇದನ್ನು ಪುಸ್ತಕದಿಂದ ಕಲಿಸಬೇಕಾಗಿಲ್ಲ. ಸಂಘಕ್ಕೆ ಚಂದಾ ಕೊಡದವನಿಗೂ ಏರಿದ ತುಟ್ಟಿಭತ್ಯೆ ಸಿಗುತ್ತದೆ. ಗುಂಪು ದೊಡ್ಡದಾದಷ್ಟೂ ತಪ್ಪಿಸಿಕೊಳ್ಳುವುದು ಸುಲಭ, ಬೆರಳೆಣಿಕೆಯ ಮಂದಿ ಬೇಗ ಒಂದಾಗುತ್ತಾರೆ ಎಂದು 1965ರಲ್ಲಿ ಮ್ಯಾನ್ಕರ್ ಓಲ್ಸನ್ ಬರೆದ. ಮಾಲೀಕರು ಬೆರಳೆಣಿಕೆಯವರು, ಕಾರ್ಮಿಕರು ಸಾವಿರಾರು.

ಮಾರುಕಟ್ಟೆಯಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ಮಾಲೀಕ ನಗರಪಾಲಿಕೆಯೇ. ಬಾಡಿಗೆ ಇಷ್ಟು ಕಡಮೆ, ರಿಪೇರಿ ಎಲ್ಲಿಂದ ಎಂಬುದು ಒಂದು ಕಡೆಯ ಮಾತು. ರಿಪೇರಿಯೇ ಇಲ್ಲ, ಬಾಡಿಗೆ ಏರಿಸುವುದೇಕೆ ಎಂಬುದು ಇನ್ನೊಂದು ಕಡೆಯದು. ಮೊದಲು ಕೈ ಬಿಚ್ಚಿದವನಿಗೆ ನಷ್ಟವೆಂದು ಇಬ್ಬರೂ ಕಾದು ಕೂರುತ್ತಾರೆ. ವ್ಯಾಪಾರಗಾರರ ಅನುಮಾನ ನಿರಾಧಾರವೆಂದು ನಾವು ಹೇಳಲಾರೆವು. ಕೊಟ್ಟ ಹಣ ಸೂರಿಗೇ ಹೋಗುತ್ತದೆಂಬ ನಂಬಿಕೆ ಇಲ್ಲದೆ ಯಾರು ತಾನೆ ಕೊಟ್ಟಾರು?

ಆದ್ದರಿಂದ ವಂತಿಗೆಯ ಬುಟ್ಟಿ ಹಿಡಿದು ತಿರುಗುವುದು ಸಾಲದು, ಖಾಸಗಿ ಗುತ್ತಿಗೆದಾರನಿಗೆ ಒಪ್ಪಿಸುವುದಂತೂ ಕೂಡದು. ಅವನು ತನ್ನ ಲಾಭವನ್ನೂ ಸೇರಿಸಿ ವಸೂಲು ಮಾಡುತ್ತಾನೆ. ಮಳಿಗೆಯ ಅಳತೆಗೆ ತಕ್ಕಂತೆ ಎಲ್ಲರಿಗೂ ಕಡ್ಡಾಯವಾದ ರಿಪೇರಿ ಕರ ಬೇಕು. ಅಷ್ಟೇ ಮೊತ್ತವನ್ನು ಪಾಲಿಕೆಯೂ ಹಾಕಬೇಕು. ಆ ಹಣ ಪಾಲಿಕೆಯ ಸಾಮಾನ್ಯ ಖಜಾನೆಯಲ್ಲಿ ಕರಗದೆ ಬೇರೆ ಖಾತೆಯಲ್ಲಿರಬೇಕು. ಮೂರು ತಿಂಗಳಿಗೊಮ್ಮೆ ಲೆಕ್ಕವನ್ನು ಮಾರುಕಟ್ಟೆಯ ಬಾಗಿಲಲ್ಲಿ ಕನ್ನಡದಲ್ಲಿ ಬರೆದು ಹಾಕಬೇಕು. ನೋಡಿಕೊಳ್ಳುವ ಸಮಿತಿಯಲ್ಲಿ ವ್ಯಾಪಾರಗಾರರೇ ಆರಿಸಿದವರೂ ಹಮಾಲರ ಪ್ರತಿನಿಧಿಯೂ ಕೂರಬೇಕು. ತಾವೇ ಕಟ್ಟಳೆ ಮಾಡಿ, ತಾವೇ ಕಾವಲಿದ್ದು, ನೀರು ಕಾಡುಗಳನ್ನು ತಲೆತಲಾಂತರ ಉಳಿಸಿಕೊಂಡ ಜನರನ್ನು ಅಭ್ಯಾಸ ಮಾಡಿದ ಎಲಿನೋರ್ ಆಸ್ಟ್ರಮ್ ಅವರಿಗೆ 2009ರಲ್ಲಿ ನೊಬೆಲ್ ಬಂತು. ನಮ್ಮ ಕೆರೆಗಳ ಕೆಳಗೆ ಗದ್ದೆಗದ್ದೆಗೆ ಸರದಿಯಂತೆ ನೀರು ಬಿಡುತ್ತಿದ್ದ ನೀರಗಂಟಿ ಅದೇ ಬಗೆಯ ಏರ್ಪಾಡಿನ ಆಳು.

ಮಳಿಗೆಯೇ ಇಲ್ಲದೆ ನೆಲದ ಮೇಲೆ ಬುಟ್ಟಿಯಿಟ್ಟು ಮಲ್ಲಿಗೆ ಮಾರುವ ಹೆಂಗಸಿನಿಂದ ಮಾತ್ರ ಈ ಕರದ ಒಂದು ಕಾಸೂ ವಸೂಲಾಗಕೂಡದು.